ಕುರಿದೊಡ್ಡಿ ಭೋಜನಶಾಲೆಯಾದ ಕಥೆ

ನ್ಯೂಯಾರ್ಕ್ ನಗರದ ನಡುವೆ 843 ಎಕರೆಗಳಷ್ಟು ವಿಸ್ತಾರವಾದ ಹಸುರು ನೆಲವೊಂದಿದೆ. ಸುತ್ತಲೂ ಮುಗಿಲು ಮುಟ್ಟುವ ಸೌಧಗಳು. ಒಳಗೆ ಮರಗಳು, ಕೊಳಗಳು, ಹುಲ್ಲುಗಾವಲು. ಇದೇ ಸೆಂಟ್ರಲ್ ಪಾರ್ಕ್. 1858ರಲ್ಲಿ ಓಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ಇಬ್ಬರು ಇದರ ಯೋಜನೆಯನ್ನು ರೂಪಿಸಿದರು. ಧನಿಕನೂ ಬಡವನೂ ಒಂದೇ ನೆರಳಿನಲ್ಲಿ ದಣಿವಾರಿಸಿಕೊಳ್ಳಬೇಕೆಂಬುದು ಆ ಯೋಜನೆಯ ಹಿಂದಿದ್ದ ಆಶಯ. 1963ರಲ್ಲಿ ಅಮೆರಿಕ ಸರ್ಕಾರ ಈ ಉದ್ಯಾನವನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಸಾರಿತು.

ಇಂತಹ ಉದ್ಯಾನದಲ್ಲಿ ಒಂದು ಭೋಜನಶಾಲೆ ಇರಬಹುದೆ? ಇದ್ದರೆ, ಅದು ಎಷ್ಟು ದೊಡ್ಡದಾಗಿರಬೇಕು? ಈ ಪ್ರಶ್ನೆಗೆ ಉತ್ತರ ದೊರೆಯಲು ಆ ನಗರಕ್ಕೆ ಎಂಬತ್ತು ವರ್ಷಗಳೇ ಹಿಡಿದವು.

ಉದ್ಯಾನದ ಪಶ್ಚಿಮದ ಅಂಚಿನಲ್ಲಿ 1870ರಲ್ಲಿ ಕೆಂಪು ಇಟ್ಟಿಗೆಯ ಕಟ್ಟಡವೊಂದು ಎದ್ದಿತು. ಅದರ ಶಿಲ್ಪಿ ಜೇಕಬ್ ರೇ ಮೌಲ್ಡ್. ಕಡಿದಾದ ಇಳಿಜಾರಿನ ಮಾಡುಗಳು, ಗೋಡೆಗಳಲ್ಲಿ ಬಣ್ಣಬಣ್ಣದ ಪಟ್ಟಿಗಳು. ನೋಡಿದವರು ಯಾವನೋ ಶ್ರೀಮಂತನ ವಿಹಾರಮಂದಿರವೆಂದು ಭ್ರಮಿಸಬೇಕು! ಆದರೆ ಅಲ್ಲಿ ವಾಸವಾಗಿದ್ದುದು ಕುರಿಗಳು. ಹಗಲೆಲ್ಲ ಎದುರಿನ ಗಾವಲಿನಲ್ಲಿ ಮೇಯುವುದು, ಸಂಜೆಗೆ ಈ ಚೆಲುವಾದ ದೊಡ್ಡಿಗೆ ಮರಳುವುದು ಅವುಗಳ ದಿನಚರಿ. ಕುರಿಗಳು ದಾರಿಯನ್ನು ದಾಟುವಾಗ ಸಾರೋಟುಗಳೂ ನಿಂತು ಕಾಯಬೇಕಾಗಿತ್ತು.

1934ರಲ್ಲಿ ನಗರದ ಉದ್ಯಾನಗಳ ಅಧಿಕಾರವನ್ನು ವಹಿಸಿಕೊಂಡ ರಾಬರ್ಟ್ ಮೋಸಸ್, ಕುರಿಗಳನ್ನು ಬ್ರೂಕ್‌ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿಗೆ ಕಳುಹಿಸಿಬಿಟ್ಟನು. ದೊಡ್ಡಿಯನ್ನು ಭೋಜನಶಾಲೆಯಾಗಿ ಮಾರ್ಪಡಿಸಿ ‘ಟ್ಯಾವರ್ನ್ ಆನ್ ದ ಗ್ರೀನ್’ ಎಂದು ಹೆಸರಿಟ್ಟನು. ಇದ್ದ ಗೋಡೆಗಳನ್ನು ಕೆಡವದೆ ಹೊಸ ಕೆಲಸಕ್ಕೆ ಒದಗಿಸಿಕೊಂಡ ಆ ಯುಕ್ತಿ ಮೆಚ್ಚತಕ್ಕದ್ದೇ. ಆದರೆ ಗಿರಾಕಿಗಳು ಹೆಚ್ಚಿದಂತೆ ಭೋಜನಶಾಲೆಯ ಹಸಿವೂ ಹೆಚ್ಚಿತು.

1956ರ ಏಪ್ರಿಲ್ ತಿಂಗಳು. ಊಟಕ್ಕೆ ಬರುವವರ ಕಾರುಗಳಿಗೆ ತಂಗುದಾಣ ಬೇಕೆಂದು, ಸನಿಹದಲ್ಲಿ ಮಕ್ಕಳು ಆಡುತ್ತಿದ್ದ ಮರಗಳ ತೋಪನ್ನು ನೆಲಸಮ ಮಾಡಲು ಮೋಸಸ್ ನಿಶ್ಚಯಿಸಿದನು. ಸುದ್ದಿ ತಿಳಿದ ನೆರೆಹೊರೆಯ ತಾಯಂದಿರು ಕೈಕಟ್ಟಿ ಕೂರಲಿಲ್ಲ. ಕೂಸುಗಳನ್ನು ಕೈಗಾಡಿಗಳಲ್ಲಿ ಮಲಗಿಸಿಕೊಂಡು ಬಂದು, ಮಣ್ಣು ತಳ್ಳುವ ಬುಲ್‌ಡೋಜರಿನ ಎದುರಿಗೇ ನಿಂತರು! ಯಂತ್ರ ಅಂದು ಹಿಂದಕ್ಕೆ ಸರಿಯಿತು. ಆದರೆ ಕೆಲವೇ ದಿನಗಳಲ್ಲಿ, ನಗರ ನಿದ್ರಿಸುತ್ತಿದ್ದ ನಡುರಾತ್ರಿಯಲ್ಲಿ, ಆ ಸ್ಥಳಕ್ಕೆ ಬೇಲಿ ಬಿದ್ದಿತು. ಬೆಳಗಾಗುತ್ತಲೇ ಮರಗಳು ಉರುಳತೊಡಗಿದವು. ಅಳುವ ತಾಯಂದಿರ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಕೆಲಸಕ್ಕೆ ತಡೆಯಾಜ್ಞೆ ದೊರೆಯಿತು. ಅದುವರೆಗೆ ಸೋಲೆಂಬುದನ್ನು ಅಷ್ಟಾಗಿ ಅರಿಯದಿದ್ದ ಮೋಸಸ್ ಜುಲೈ ತಿಂಗಳಿನಲ್ಲಿ ಮಣಿದನು. ಕಾರುಗಳು ನಿಲ್ಲಬೇಕಾಗಿದ್ದ ಸ್ಥಳದಲ್ಲಿ ಮಕ್ಕಳ ಆಟದ ಅಂಗಳ ಸಿದ್ಧವಾಯಿತು.

ಮುಂದೆ ವಾರ್ನರ್ ಲೆರಾಯ್ ಎಂಬಾತ ಭೋಜನಶಾಲೆಯನ್ನು ವಹಿಸಿಕೊಂಡು, 1976ರಲ್ಲಿ ಅದಕ್ಕೆ ಹೊಸ ವೇಷ ತೊಡಿಸಿದನು. ಚಲನಚಿತ್ರ ಮನೆತನದಲ್ಲಿ ಹುಟ್ಟಿದ ಆತನಿಗೆ ಥಳಕೆಂದರೆ ಬಲು ಪ್ರೀತಿ. ಗಾಜಿನ ‘ಸ್ಫಟಿಕ ಶಾಲೆ’ ಎದ್ದಿತು; ತೂಗುದೀಪಗಳು ಝಗಝಗಿಸಿದವು. ಜನ ಮುಗಿಬಿದ್ದರು, ಹಣವೂ ಹರಿದುಬಂದಿತು. ಆದರೆ ಆ ಥಳಕಿನ ಹಿಂದೆ ಮೌಲ್ಡನ ಇಟ್ಟಿಗೆಯ ಕಟ್ಟಡ ಮರೆಯಾಗಿಹೋಯಿತು. 2009ರ ಡಿಸೆಂಬರ್ 31ರಂದು, ಸಾಲದ ಹೊರೆಯ ನಡುವೆ, ಆ ಅಧ್ಯಾಯ ಮುಗಿಯಿತು. ತೂಗುದೀಪಗಳು ಹರಾಜಾದವು.

ಕಟ್ಟಡ ನಗರದ ಸ್ವತ್ತು. ಅದನ್ನು ಕೆಡವಿ ಹೊಸದನ್ನು ಕಟ್ಟಬೇಕೆ, ಗಾಜಿನ ಶಾಲೆಯನ್ನೇ ಉಳಿಸಿಕೊಳ್ಳಬೇಕೆ? ನಗರವು ಮೂರನೆಯ ದಾರಿಯನ್ನು ಹಿಡಿಯಿತು. ಕಾಲಕಾಲಕ್ಕೆ ಅಂಟಿಕೊಂಡಿದ್ದ ಸೇರ್ಪಡೆಗಳನ್ನೂ ಸ್ಫಟಿಕ ಶಾಲೆಯನ್ನೂ ತೆಗೆದುಹಾಕಿ, ಕುರಿದೊಡ್ಡಿಯ ಮೂಲ ರೂಪವನ್ನು ಹೊರಗೆಡಹಿತು. ಅಂಗಳದ ಕಡೆಗೆ ಮಾತ್ರ ಗಾಜಿನ ಗೋಡೆಯ ಹೊಸ ಕೋಣೆಯೊಂದು ಸೇರಿತು. 2014ರ ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ತೆರೆದ ಭೋಜನಶಾಲೆ ಮೊದಲಿಗಿಂತ ಚಿಕ್ಕದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಅದು ಕೊನೆಗೂ ಕಲಿಯಿತು.

ಪರಿಸರದ ಹಿತವೆಂದರೆ ಹೊಸ ಹೊಸ ಯಂತ್ರಗಳನ್ನು ಕೊಂಡು ಜೋಡಿಸುವುದೆಂದು ಇಂದು ಅನೇಕರು ಭಾವಿಸುತ್ತಾರೆ. ಈ ಕಟ್ಟಡ ಬೇರೊಂದು ಲೆಕ್ಕವನ್ನು ಹೇಳುತ್ತದೆ. ಅದರ ಇಟ್ಟಿಗೆಗಳನ್ನು ಸುಡಲು ಬೇಕಾದ ಉರುವಲು, ಕಲ್ಲನ್ನು ಸಾಗಿಸಲು ಬೇಕಾದ ಶ್ರಮ, ಎಲ್ಲವೂ 1870ರ ವೇಳೆಗೇ ವೆಚ್ಚವಾಗಿಹೋಗಿವೆ. ಕೆಡವಿದರೆ ಅಷ್ಟೂ ಮಣ್ಣುಪಾಲು; ಮತ್ತೆ ಕಟ್ಟಲು ಮತ್ತಷ್ಟು ಉರುವಲು, ಮತ್ತಷ್ಟು ಹೊಗೆ. ಇದಲ್ಲದೆ ದಪ್ಪ ಇಟ್ಟಿಗೆಯ ಗೋಡೆ ಬಿಸಿಲನ್ನು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಗಾಜಿನ ಕೋಣೆಯಾದರೋ ಬೇಸಗೆಯಲ್ಲಿ ಕುದಿಯುತ್ತದೆ, ಚಳಿಗಾಲದಲ್ಲಿ ಶಾಖವನ್ನು ಸೋರಿಸುತ್ತದೆ. ಎರಡಕ್ಕೂ ವಿದ್ಯುಚ್ಛಕ್ತಿಯ ವೆಚ್ಚ ತಪ್ಪದು.

ಆದರೆ ಗೋಡೆಗಳನ್ನು ಉಳಿಸಿದ ಮಾತ್ರಕ್ಕೆ ಉದ್ಯಾನ ಉಳಿದಂತಾಗುವುದಿಲ್ಲ. ಸಾರ್ವಜನಿಕರ ನೆಲದಲ್ಲಿ ಊಟದ ಮೇಜು ಎಲ್ಲಿಯವರೆಗೆ ಚಾಚಬಹುದೆಂಬ ಗೆರೆಯನ್ನು ಯಾರಾದರೂ ಎಳೆಯಲೇಬೇಕು. ಸೆಂಟ್ರಲ್ ಪಾರ್ಕಿನಲ್ಲಿ ಆ ಗೆರೆಯನ್ನು ಮೊದಲು ಎಳೆದವರು ಶಿಲ್ಪಿಗಳಲ್ಲ, ಅಧಿಕಾರಿಗಳೂ ಅಲ್ಲ. ಕೈಗಾಡಿಗಳನ್ನು ಹಿಡಿದು ಯಂತ್ರದ ಎದುರು ನಿಂತ ಗೃಹಿಣಿಯರು.