ಪ್ರಶ್ನೆ ಡಬ್ಬಿ

"ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಏಡ್ಸ್ ಪಾಠ ಯಾಕ್ರೀ? ಇಲ್ಲದ್ದೆಲ್ಲ ಕಲಿಸಿದಂಗಾಗುತ್ತೆ!" ನಮ್ಮಲ್ಲಿ ಹಲವರು ಹೀಗೆ ಹೇಳುತ್ತೇವೆ. ಈ ಅಂಜಿಕೆ ಹೊಸದಲ್ಲ. 2007ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಶಾಲೆಯಲ್ಲಿ ಇಂಥ ಪಾಠ ಬೇಡ ಎಂದಿದ್ದವು. ಆದರೆ ನಾವು ಹೇಳದಿದ್ದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಗೆಳೆಯರನ್ನು ಕೇಳುತ್ತಾರೆ. ಮೊಬೈಲಿನಲ್ಲಿ ನೋಡುತ್ತಾರೆ. ಅರ್ಧ ನಿಜ, ಅರ್ಧ ಸುಳ್ಳು ಕಲಿಯುತ್ತಾರೆ.

ಈ ಪಾಠಕ್ಕೆ ಒಂದು ಒಳ್ಳೆಯ ಉಪಾಯ ಇದೆ. ತರಗತಿಯಲ್ಲಿ ಒಂದು ಡಬ್ಬಿ ಇಡುತ್ತಾರೆ. ಮಕ್ಕಳು ಹೆಸರು ಬರೆಯದೆ ಚೀಟಿ ಹಾಕುತ್ತಾರೆ. ನಾಚಿಕೆ ಇರುವುದಿಲ್ಲ. ಟೀಚರು ಒಂದೊಂದೇ ಚೀಟಿ ತೆಗೆದು ಉತ್ತರ ಹೇಳುತ್ತಾರೆ.

ಸೊಳ್ಳೆ ಕಚ್ಚಿದರೆ ಬರುತ್ತಾ? ಇಲ್ಲ. ಎಚ್‌ಐವಿ ವೈರಸ್ ಸೊಳ್ಳೆಯ ಮೈಯಲ್ಲಿ ಬೆಳೆಯುವುದಿಲ್ಲ. ಸೊಳ್ಳೆ ತಾನು ಹೀರಿದ ರಕ್ತವನ್ನು ಇನ್ನೊಬ್ಬರ ಮೈಗೆ ಬಿಡುವುದೂ ಇಲ್ಲ. ಮಲೇರಿಯಾದ ಲೆಕ್ಕವೇ ಬೇರೆ. ಒಂದೇ ತಟ್ಟೆಯಲ್ಲಿ ಉಂಡರೂ ಬರಲ್ಲ. ಕೈ ಹಿಡಿದು ಕಬಡ್ಡಿ ಆಡಿದರೂ ಬರಲ್ಲ.

ಮತ್ತೆ ಹೆಂಗೆ ಬರುತ್ತೆ? ಸೋಂಕು ಇರುವವರೊಡನೆ ಕಾಂಡೋಮ್ ಇಲ್ಲದೆ ಕೂಡಿದರೆ ಬರಬಹುದು. ಪರೀಕ್ಷೆ ಮಾಡದ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಬರಬಹುದು. ತಾಯಿಯಿಂದ ಮಗುವಿಗೆ ಬರಬಹುದು. ತಾಯಿ ಬಸಿರಿನಲ್ಲೇ ಔಷಧಿ ಶುರು ಮಾಡಿದರೆ ಮಗುವನ್ನು ಬಹುಮಟ್ಟಿಗೆ ಕಾಪಾಡಬಹುದು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಹುಡುಗರೂ ಸೂಜಿ ಹೊಸದಾ ಅಂತ ಕೇಳಲಿ.

ಮುಖ ನೋಡಿದರೆ ಗೊತ್ತಾಗುತ್ತಾ? ಗೊತ್ತಾಗಲ್ಲ. ಎಚ್‌ಐವಿ ಎಂದರೆ ವೈರಸ್. ಅದು ಮೈಯಲ್ಲಿ ರೋಗ ತಡೆಯುವ ಶಕ್ತಿಯನ್ನು ತಿಂದು ಹಾಕಿದ ಮೇಲೆ ಬರುವ ಸ್ಥಿತಿಯೇ ಏಡ್ಸ್. ನಡುವೆ ಎಷ್ಟೋ ವರ್ಷ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ರಕ್ತ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಪುಕ್ಕಟೆ. 2004ರಿಂದ ಎಆರ್‌ಟಿ ಮಾತ್ರೆಯೂ ಪುಕ್ಕಟೆ. ಅದರಿಂದ ಸೋಂಕು ಪೂರ್ತಿ ಹೋಗುವುದಿಲ್ಲ, ನಿಜ. ಆದರೆ ದಿನಾ ತಪ್ಪದೆ ನುಂಗಿದರೆ ವೈರಸ್ ಅಡಗಿರುತ್ತದೆ. ಓದಬಹುದು, ದುಡಿಯಬಹುದು, ಸಂಸಾರ ಮಾಡಬಹುದು.

ಡಬ್ಬಿಯಲ್ಲಿ ಇಂಥದ್ದೊಂದು ಚೀಟಿಯೂ ಬರಬಹುದು: "ನಮ್ಮ ಕ್ಲಾಸಲ್ಲೇ ಯಾರಿಗಾದರೂ ಇದ್ದರೆ?" ಟೀಚರು ಇಲ್ಲಿ ಜೋಪಾನವಾಗಿ ಮಾತಾಡಬೇಕು. ಬರೆದ ಮಗುವಿಗೇ ಸೋಂಕು ಇರಬಹುದು, ಯಾರು ಬಲ್ಲರು? ಅಂಥ ಮಗುವನ್ನು ಶಾಲೆಗೆ ಸೇರಿಸಲ್ಲ ಎನ್ನುವಂತಿಲ್ಲ. ಶಾಲೆ ಬಿಡಿಸುವಂತಿಲ್ಲ. ಒಪ್ಪಿಗೆ ಇಲ್ಲದೆ ವಿಷಯವನ್ನು ಹೊರಗೆ ಹೇಳುವಂತೆಯೂ ಇಲ್ಲ. 2017ರ ಎಚ್‌ಐವಿ ಕಾಯ್ದೆ ಹೀಗೆ ಹೇಳುತ್ತದೆ.

ಮಕ್ಕಳು ಕೇಳಿದ್ದಕ್ಕೆ ನಮಗೇ ಉತ್ತರ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡೋಣ. ದುಡ್ಡು ಬೀಳುವುದಿಲ್ಲ.