ಸಾಮಾಜಿಕ ಜಾಲತಾಣದ ಕೆಲಸಕ್ಕೆ ಅಪ್ರೆಂಟಿಸ್ ತರಬೇತಿ: ಮಕ್ಕಳನ್ನು ಸೇರಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು



ಹಾಲು ಉತ್ಪಾದಕರ ಅನೇಕ ಮನೆಗಳಲ್ಲಿ ಪಿ.ಯು.ಸಿ., ಡಿಪ್ಲೊಮಾ ಇಲ್ಲವೆ ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಮಕ್ಕಳಿದ್ದಾರೆ. ಅವರಲ್ಲಿ ಕೆಲವರು "ಸೋಷಿಯಲ್ ಮೀಡಿಯಾ ಕೆಲಸಕ್ಕೆ ಸೇರುತ್ತೇನೆ" ಎಂದಾಗ ಹಿರಿಯರಿಗೆ ಸಂಶಯ ಬರುವುದು ಸಹಜ. ಮೊಬೈಲ್ ಹಿಡಿದು ಕೂರುವುದೂ ಒಂದು ಉದ್ಯೋಗವೇ ಎಂದು ಕೇಳುವವರಿದ್ದಾರೆ. ಇದು ಉದ್ಯೋಗವೇ ಹೌದು. ಇದನ್ನು ಸಂಬಳದಂತೆ ಹಣ ಪಡೆಯುತ್ತಾ ಕಲಿಯಲು ಕಾನೂನಿನ ದಾರಿಯೂ ಇದೆ. ಆದರೆ ಇದೇ ಹೆಸರು ಹೇಳಿ ಮಕ್ಕಳಿಂದಲೇ ಹಣ ಕಟ್ಟಿಸಿಕೊಳ್ಳುವವರೂ ಇದ್ದಾರೆ. ಇವೆರಡರ ವ್ಯತ್ಯಾಸವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಇದು ಯಾವ ಬಗೆಯ ಕೆಲಸ?

ಇಂದು ಆಸ್ಪತ್ರೆ, ಶಾಲಾ ಕಾಲೇಜು, ಬಟ್ಟೆ ಮಳಿಗೆ, ಹೋಟೆಲ್, ಆಹಾರ ತಯಾರಿಕಾ ಸಂಸ್ಥೆ ಮೊದಲಾದವು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆ್ಯಪ್‌ಗಳಲ್ಲಿ ತಮ್ಮ ಪುಟಗಳನ್ನು ಇಟ್ಟುಕೊಂಡಿವೆ. ಅವುಗಳಲ್ಲಿ ಏನು ಹಾಕಬೇಕು, ಯಾವಾಗ ಹಾಕಬೇಕು ಎಂದು ತಿಂಗಳ ಪಟ್ಟಿ ತಯಾರಿಸುವುದು, ಫೋಟೋ ಮತ್ತು ವಿಡಿಯೋ ಸಿದ್ಧಪಡಿಸುವುದು, ಜನರ ಪ್ರಶ್ನೆಗಳಿಗೆ ಉತ್ತರಿಸುವುದು, ದೂರು ಬಂದರೆ ಸಂಬಂಧಪಟ್ಟ ವಿಭಾಗಕ್ಕೆ ತಲುಪಿಸುವುದು, ವಾರಕ್ಕೊಮ್ಮೆ ಲೆಕ್ಕ ಒಪ್ಪಿಸುವುದು ಈ ಕೆಲಸದ ಮುಖ್ಯ ಭಾಗಗಳು. ಇದರಲ್ಲಿ ಕುಣಿತ, ಹಾಡಿನ ವಿಡಿಯೋಗಳ ಪಾಲು ಕಡಿಮೆ. ಉತ್ತರ ಬರೆಯುವುದು ಮತ್ತು ಲೆಕ್ಕ ಇಡುವುದೇ ಹೆಚ್ಚು.

ನಮಗೆ ಹತ್ತಿರದ ಒಂದು ಉದಾಹರಣೆ ನೋಡೋಣ. ಹಾಲಿನ ಕಲಬೆರಕೆಯನ್ನು ತಡೆಯದಿದ್ದರೆ 2025ರ ಹೊತ್ತಿಗೆ ದೇಶದ ಶೇ. 87 ಜನರಿಗೆ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಎಚ್ಚರಿಕೆ ನೀಡಿದೆ ಎಂಬ ಸಂದೇಶ ವರ್ಷಗಟ್ಟಲೆ ಮೊಬೈಲುಗಳಲ್ಲಿ ಹರಿದಾಡಿತು. ಅಂತಹ ಯಾವುದೇ ಎಚ್ಚರಿಕೆ ನೀಡಲಾಗಿಲ್ಲ, ಸಂದೇಶ ಸುಳ್ಳು ಎಂದು ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು 2023ರಲ್ಲಿ ಸ್ಪಷ್ಟಪಡಿಸಿತು. ಇಂತಹ ಸುದ್ದಿ ನಂಬಿ ಪೇಟೆಯ ಗ್ರಾಹಕರು ಹಾಲು ಕೊಳ್ಳುವುದನ್ನು ಕಡಿಮೆ ಮಾಡಿದರೆ ನಷ್ಟ ಮುಟ್ಟುವುದು ಹಸು ಕಟ್ಟಿದ ಮನೆಗೇ. ಹೆದರಿ ಪ್ರಶ್ನೆ ಕೇಳಿದ ಗ್ರಾಹಕರಿಗೆ ಸಿಟ್ಟಾಗದೆ, ಸರ್ಕಾರದ ಸ್ಪಷ್ಟನೆಯನ್ನು ತೋರಿಸಿ, ಅರ್ಥವಾಗುವ ಕನ್ನಡದಲ್ಲಿ ಉತ್ತರ ಬರೆಯುವವರು ಬೇಕು. ಆ ಕೆಲಸವನ್ನೇ ಅಪ್ರೆಂಟಿಸ್ ಆಗಿ ಕಲಿಯಬಹುದು.

ಅಪ್ರೆಂಟಿಸ್ ಎಂದರೆ ಯಾರು?

ನಮ್ಮ ದೇಶದಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಜಾರಿಯಲ್ಲಿದೆ. ಫಿಟ್ಟರ್, ಎಲೆಕ್ಟ್ರಿಷಿಯನ್ ಮೊದಲಾದ ಕಸುಬುಗಳಲ್ಲಿ ಐ.ಟಿ.ಐ. ಮಕ್ಕಳು ಕಾರ್ಖಾನೆಗಳಿಗೆ ಹೋಗಿ ಕಲಿಯುವುದು ಈ ಕಾಯ್ದೆಯ ಅಡಿಯಲ್ಲೇ. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಪಟ್ಟಿಯಲ್ಲಿಲ್ಲದ ಕಸುಬುಗಳಲ್ಲೂ "ಐಚ್ಛಿಕ ಕಸುಬು" ಎಂಬ ಹೆಸರಿನಲ್ಲಿ ತರಬೇತಿ ನೀಡಲು ಅವಕಾಶವಾಯಿತು. ಹೀಗಾಗಿ ಕಚೇರಿ, ಮಾರಾಟ, ಪ್ರಚಾರ, ಡಿಜಿಟಲ್ ಮಾರ್ಕೆಟಿಂಗ್ ಮುಂತಾದ ಕೆಲಸಗಳಿಗೂ ಅಪ್ರೆಂಟಿಸ್ ತೆಗೆದುಕೊಳ್ಳುವ ದಾರಿ ತೆರೆಯಿತು. 2019ರ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ಜನರಿರುವ ಸಂಸ್ಥೆಗಳಿಗೆ ಇದು ಐಚ್ಛಿಕ.

ಅಪ್ರೆಂಟಿಸ್ ಕಲಿಯುವವನೇ ಹೊರತು ಕಾರ್ಮಿಕನಲ್ಲ ಎಂದು ಕಾಯ್ದೆ ಹೇಳುತ್ತದೆ. ಆದುದರಿಂದ ನೌಕರರಿಗಿರುವ ಎಲ್ಲ ಸವಲತ್ತುಗಳು ಸಿಗುವುದಿಲ್ಲ. ಆದರೆ ಕೆಲವು ರಕ್ಷಣೆಗಳಿವೆ. ಸಂಸ್ಥೆ ಮತ್ತು ಅಭ್ಯರ್ಥಿಯ ನಡುವೆ ಒಪ್ಪಂದ ಪತ್ರ ಆಗಬೇಕು. ಅಭ್ಯರ್ಥಿಗೆ 18 ವರ್ಷ ತುಂಬಿರದಿದ್ದರೆ ಪೋಷಕರು ಸಹಿ ಮಾಡಬೇಕು. ಆ ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಸಂಸ್ಥೆಯಲ್ಲಿ ಜಾರಿಯಲ್ಲಿರುವಂತೆ ರಜೆ ಸಿಗಬೇಕು. ತರಬೇತಿಯಲ್ಲಿದ್ದಾಗ ಕೆಲಸದಿಂದ ಗಾಯವಾದರೆ ಪರಿಹಾರಕ್ಕೆ ಹಕ್ಕುಂಟು. ಒಪ್ಪಂದದ ಬಗ್ಗೆ ತಕರಾರು ಬಂದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರೆಂಬ ಅಧಿಕಾರಿಯ ಮುಂದೆ ಹೇಳಿಕೊಳ್ಳಬಹುದು.

ಶಿಷ್ಯವೇತನ ಎಷ್ಟು?

2019ರ ನಿಯಮಗಳಲ್ಲಿ ತಿಂಗಳಿಗೆ ನಿಗದಿಯಾದ ಕನಿಷ್ಠ ಶಿಷ್ಯವೇತನ ಹೀಗಿದೆ:

5ರಿಂದ 9ನೇ ತರಗತಿ ಓದಿದವರಿಗೆ – ರೂ. 5,000
10ನೇ ತರಗತಿ ಪಾಸಾದವರಿಗೆ – ರೂ. 6,000
12ನೇ ತರಗತಿ ಪಾಸಾದವರಿಗೆ – ರೂ. 7,000
ಡಿಪ್ಲೊಮಾ ಪಡೆದವರಿಗೆ – ರೂ. 8,000
ಪದವೀಧರರಿಗೆ – ರೂ. 9,000

ಇದನ್ನು ಶೇ. 36ರಷ್ಟು ಹೆಚ್ಚಿಸುವಂತೆ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದ್ದರಿಂದ ಸೇರುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲಿ ನೋಡಿಯೇ ಸಹಿ ಮಾಡಬೇಕು. ಇದು ಕನಿಷ್ಠ ದರ. ಸಂಸ್ಥೆ ಇದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ.

2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಕೇಂದ್ರ ಸರ್ಕಾರವು ಶಿಷ್ಯವೇತನದ ಶೇ. 25ರಷ್ಟನ್ನು, ತಿಂಗಳಿಗೆ ಗರಿಷ್ಠ ರೂ. 1,500ರವರೆಗೆ, ಭರಿಸುತ್ತದೆ. ಮೊದಲು ಈ ಹಣ ಸಂಸ್ಥೆಗೆ ಹೋಗುತ್ತಿತ್ತು. 2023ರಿಂದ ಹಾಲಿನ ಪ್ರೋತ್ಸಾಹಧನ ನಮ್ಮ ಖಾತೆಗೆ ಜಮೆಯಾಗುವ ಹಾಗೆಯೇ ನೇರವಾಗಿ ಅಪ್ರೆಂಟಿಸ್‌ನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಉಳಿದ ಹಣವನ್ನು ಸಂಸ್ಥೆ ಕೊಡುತ್ತದೆ. ಡಿಪ್ಲೊಮಾ ಮತ್ತು ಪದವಿ ಮುಗಿಸಿದವರಿಗೆ ಶಿಕ್ಷಣ ಸಚಿವಾಲಯದ ಇನ್ನೊಂದು ಯೋಜನೆಯೂ ಇದೆ. ಅದರ ದಕ್ಷಿಣ ವಲಯದ ಮಂಡಳಿ ಚೆನ್ನೈನಲ್ಲಿದ್ದು, ಕರ್ನಾಟಕವೂ ಅದರ ವ್ಯಾಪ್ತಿಗೆ ಸೇರಿದೆ.

ಇನ್ನೊಂದು ಮುಖ್ಯ ವಿಷಯ. ಡೇರಿಯಲ್ಲಿ ನಮಗೆ ಲೀಟರ್ ಮತ್ತು ಗುಣಮಟ್ಟದ ಮೇಲೆ ಬಟವಾಡೆ ಆಗುತ್ತದೆ. ಅಪ್ರೆಂಟಿಸ್‌ಗೆ ಹಾಗೆ ಕೊಡುವಂತಿಲ್ಲ. ಮಾಡಿದ ಕೆಲಸದ ಎಣಿಕೆಯ ಮೇಲೆ ಶಿಷ್ಯವೇತನ ಕೊಡಕೂಡದು ಎಂದು ಕಾಯ್ದೆಯಲ್ಲೇ ಇದೆ. "ಒಂದು ಪೋಸ್ಟಿಗೆ ಇಷ್ಟು, ಸಾವಿರ ಲೈಕಿಗೆ ಇಷ್ಟು" ಎಂದು ಯಾರಾದರೂ ಹೇಳಿದರೆ, ಅದು ಬೇರೆ ಏನೇ ಇರಲಿ, ಅಪ್ರೆಂಟಿಸ್ ತರಬೇತಿಯಲ್ಲ.

ಒಳ್ಳೆಯ ತರಬೇತಿಯಲ್ಲಿ ಏನೇನು ಕಲಿಯಬೇಕು?

1. ಉತ್ತರಿಸುವ ಕ್ರಮ: ಪೊಟ್ಟಣದ ಹಾಲು ಕೆಟ್ಟಿದೆ ಎಂದು ಗ್ರಾಹಕರು ಬರೆದರು ಎನ್ನೋಣ. ಪೊಟ್ಟಣದ ಮೇಲಿನ ದಿನಾಂಕ, ಬ್ಯಾಚ್ ಸಂಖ್ಯೆ, ಕೊಂಡ ಸ್ಥಳ ಕೇಳಬೇಕು. ಫೋನ್ ನಂಬರನ್ನು ಎಲ್ಲರಿಗೂ ಕಾಣುವಂತೆ ಬರೆಯಲು ಹೇಳಬಾರದು. ಗುಣನಿಯಂತ್ರಣ ವಿಭಾಗಕ್ಕೆ ತಿಳಿಸಿ, ಅವರ ಉತ್ತರವನ್ನು ಗ್ರಾಹಕರಿಗೆ ಮುಟ್ಟಿಸಬೇಕು. ದೂರನ್ನು ಅಳಿಸಿ ಹಾಕಿದರೆ ಅನುಮಾನ ಹೆಚ್ಚಾಗುತ್ತದೆ.

2. ಕಾನೂನಿನ ಮಿತಿ: ತುಪ್ಪ ತಿಂದರೆ ಇಂತಹ ಕಾಯಿಲೆ ವಾಸಿಯಾಗುತ್ತದೆ ಎಂದು ಮನಬಂದಂತೆ ಬರೆಯುವಂತಿಲ್ಲ. ಆಹಾರ ಪದಾರ್ಥಗಳ ಜಾಹೀರಾತಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಿವೆ. ಬೇರೆಯವರು ತೆಗೆದ ಫೋಟೋವನ್ನು ಅನುಮತಿ ಇಲ್ಲದೆ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅಡ್ಡ ಬರುತ್ತದೆ. ಹಣ ಪಡೆದು ಹೊಗಳಿ ಹೇಳುವವರು ಅದು ಜಾಹೀರಾತು ಎಂದು ತೋರಿಸಬೇಕೆಂಬ ಮಾರ್ಗಸೂಚಿ 2021ರಿಂದ ಇದೆ.

3. ಲೆಕ್ಕ ಓದುವುದು: ಎಷ್ಟು ಜನ ನೋಡಿದರು ಎಂಬುದು ಒಂದು ಲೆಕ್ಕ. ನೋಡಿದವರಲ್ಲಿ ಎಷ್ಟು ಜನ ಅಂಗಡಿಗೆ ಬಂದರು, ವಿಚಾರಿಸಿದರು ಎಂಬುದು ಇನ್ನೊಂದು. ಹಾಲು ಎಷ್ಟು ಲೀಟರ್ ಎಂದಷ್ಟೇ ನೋಡದೆ ಫ್ಯಾಟ್, ಎಸ್.ಎನ್.ಎಫ್. ನೋಡುವಂತೆ ಇದನ್ನೂ ನೋಡಬೇಕು.

4. ಕನ್ನಡ: ರಾಜ್ಯದಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳಿಗೆ ತಪ್ಪಿಲ್ಲದೆ, ಸರಳವಾಗಿ ಕನ್ನಡ ಬರೆಯಬಲ್ಲವರು ಬೇಕು. ಯೂನಿಕೋಡ್‌ನಲ್ಲಿ ಟೈಪ್ ಮಾಡುವುದನ್ನು ಮನೆಯಲ್ಲೇ ಕಲಿತಿರಬಹುದು. ಇಂಗ್ಲಿಷ್ ಅಷ್ಟಾಗಿ ಬಾರದೆಂದು ಹಿಂಜರಿಯುವ ಹಳ್ಳಿಯ ಮಕ್ಕಳಿಗೆ ಇದು ಕೈಯಲ್ಲಿರುವ ಬಂಡವಾಳ.

ಅಸಲಿ ಯಾವುದು, ನಕಲಿ ಯಾವುದು?

ಗುರುತಿಸಲು ಸುಲಭದ ಉಪಾಯವಿದೆ. ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂದು ನೋಡಿ. ಅಪ್ರೆಂಟಿಸ್ ತರಬೇತಿಯಲ್ಲಿ ಹಣ ಸಂಸ್ಥೆಯಿಂದ ಕಲಿಯುವವರಿಗೆ ಬರುತ್ತದೆ. ನೋಂದಣಿ ಶುಲ್ಕ, ಠೇವಣಿ, ಲ್ಯಾಪ್‌ಟಾಪ್ ಬಾಬ್ತು, "ಕೆಲಸ ಗ್ಯಾರಂಟಿ" ಎಂದು ಮೊದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಫೀಸು ಪಡೆದು ಪಾಠ ಹೇಳುವ ಕೋರ್ಸುಗಳೂ ಇವೆ. ಅವುಗಳನ್ನು ಕೋರ್ಸು ಎಂದೇ ತಿಳಿದು ಸೇರಬೇಕೇ ವಿನಾ ಉದ್ಯೋಗವೆಂದು ತಿಳಿದು ಹಸು ಮಾರಿ ಹಣ ಕಟ್ಟಬಾರದು.

ಮನೆಯಲ್ಲೇ ಕುಳಿತು ವಿಡಿಯೋಗಳಿಗೆ ಲೈಕ್ ಒತ್ತಿದರೆ ಹಣ ಎಂಬ ಸಂದೇಶಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಮೊದಲು ಸಣ್ಣ ಮೊತ್ತವನ್ನು ನಿಜವಾಗಿಯೂ ಹಾಕುತ್ತಾರೆ. ನಂಬಿಕೆ ಬಂದ ಮೇಲೆ ಹೆಚ್ಚಿನ ಲಾಭಕ್ಕೆಂದು ಹಣ ಹಾಕಿಸಿಕೊಂಡು ಮಾಯವಾಗುತ್ತಾರೆ. ಹೀಗೆ ಮೋಸವಾದರೆ ತಡ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ತರಬೇತಿ ಮುಗಿದ ಮೇಲೆ

ಐಚ್ಛಿಕ ಕಸುಬುಗಳ ತರಬೇತಿ 6 ತಿಂಗಳಿನಿಂದ 36 ತಿಂಗಳವರೆಗೆ ಇರುತ್ತದೆ. ಕೊನೆಯಲ್ಲಿ ಪರೀಕ್ಷೆ ಮತ್ತು ಪ್ರಮಾಣಪತ್ರ ಉಂಟು. ಆದರೆ ಅದೇ ಸಂಸ್ಥೆ ಕೆಲಸ ಕೊಡಲೇಬೇಕೆಂಬ ನಿಯಮವಿಲ್ಲ. ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಕೇಳಬಹುದು. ಇದನ್ನು ಮೊದಲೇ ತಿಳಿದು ಸೇರುವುದು ಒಳ್ಳೆಯದು. ಕಲಿಯುವ ದಿನಗಳಲ್ಲಿ ತಾವು ಮಾಡಿದ ಕೆಲಸಗಳ ಒಂದು ಕಡತವನ್ನು, ಸಂಸ್ಥೆಯ ಅನುಮತಿ ಪಡೆದು, ಇಟ್ಟುಕೊಳ್ಳಬೇಕು. ಮುಂದಿನ ಸಂದರ್ಶನದಲ್ಲಿ ಪ್ರಮಾಣಪತ್ರದ ಜೊತೆಗೆ ಕೇಳುವುದು ಅದನ್ನೇ. ಸಂಸ್ಥೆಯ ಪುಟವನ್ನು ಸ್ವಂತ ಮೊಬೈಲ್ ನಂಬರಿನಲ್ಲಿ ತೆರೆಯಬಾರದು. ಬಿಟ್ಟು ಬರುವಾಗ ಪಾಸ್‌ವರ್ಡ್‌ಗಳನ್ನು ಬರವಣಿಗೆಯಲ್ಲಿ ಒಪ್ಪಿಸಿ ಬರಬೇಕು.

ಖರ್ಚಿನ ಲೆಕ್ಕವನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದರೆ ಶಿಷ್ಯವೇತನದಲ್ಲಿ ಉಳಿಯುವುದು ಕಡಿಮೆ. ಮನೆಯಿಂದಲೇ ಕಳುಹಿಸಬೇಕಾಗಿ ಬರಬಹುದು. ಮನೆಯಿಂದ ಓಡಾಡುವಷ್ಟು ದೂರದ ತಾಲ್ಲೂಕು ಇಲ್ಲವೆ ಜಿಲ್ಲಾ ಕೇಂದ್ರದ ಸಂಸ್ಥೆಯಲ್ಲಿ ಅವಕಾಶವಿದ್ದರೆ ಮೊದಲು ಅದನ್ನು ವಿಚಾರಿಸುವುದು ಲೇಸು. ಹೆಣ್ಣುಮಕ್ಕಳ ವಿಷಯದಲ್ಲೂ ದೂರ ಎಂಬ ಒಂದೇ ಕಾರಣಕ್ಕೆ ಅವಕಾಶ ತಪ್ಪಿಸಬೇಕಾಗುವುದಿಲ್ಲ.

ಸಹಿ ಮಾಡುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

1. ಒಪ್ಪಂದವು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗುತ್ತದೆಯೇ? ಅದರ ಸಂಖ್ಯೆ ಯಾವಾಗ ಸಿಗುತ್ತದೆ?
2. ಶಿಷ್ಯವೇತನ ಎಷ್ಟು, ಯಾವ ದಿನ ಖಾತೆಗೆ ಬರುತ್ತದೆ?
3. ಕಲಿಸುವವರು ಯಾರು? ಅವರು ದಿನವೂ ಕಚೇರಿಯಲ್ಲಿ ಇರುತ್ತಾರೆಯೇ?
4. ಕೆಲಸದ ವೇಳೆ ಮತ್ತು ವಾರದ ರಜೆ ಯಾವುದು? ರಾತ್ರಿ ಬರುವ ಸಂದೇಶಗಳಿಗೆ ಯಾರು ಉತ್ತರಿಸಬೇಕು?
5. ಕೊನೆಯ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವವರು ಯಾರು?

ಈ ಐದಕ್ಕೂ ನೇರ ಉತ್ತರ ಬಂದರೆ ಮುಂದುವರಿಯಬಹುದು. "ಮೊದಲು ಸೇರಿ, ಆಮೇಲೆ ಹೇಳುತ್ತೇವೆ" ಎಂದರೆ ಹಿಂದಿರುಗಿ ಬರುವುದೇ ಕ್ಷೇಮ. ಸಂಘದಲ್ಲಿ ಹಾಲು ಹಾಕುವಾಗ ಪಾಸ್‌ಬುಕ್‌ನಲ್ಲಿ ಬರೆಸದೆ ನಾವು ಮನೆಗೆ ಬರುವುದಿಲ್ಲ. ಮಕ್ಕಳು ತಮ್ಮ ದುಡಿಮೆಯ ಮೊದಲ ವರ್ಷವನ್ನು ಒಪ್ಪಿಸುವಾಗಲೂ ಅಷ್ಟೇ ಎಚ್ಚರವಿರಲಿ.