ಇಪ್ಪತ್ತಕ್ಕಿಂತ ಕಡಿಮೆ, ಎಪ್ಪತ್ತೈದಕ್ಕಿಂತ ಹೆಚ್ಚು

ಕಲ್ಯಾಣ ಮಂಟಪವಿರಲಿ, ಅಕ್ಕಿ ಗಿರಣಿಯಿರಲಿ, ತ್ರೀ ಫೇಸ್ ಪ್ಯಾನೆಲ್ ಬೋರ್ಡ್ ಇರುವ ಕೋಣೆಗೆ ಉಗ್ರಾಣದ ಯೋಗ ತಪ್ಪಿದ್ದಲ್ಲ. ಮುರಿದ ಕುರ್ಚಿ, ಪೇಂಟ್ ಡಬ್ಬ, ಶಾಮಿಯಾನದ ಗಳ ಎಲ್ಲವೂ ಬೋರ್ಡಿನ ಮುಂದೆಯೇ. ಆದರೆ ಆ ಜಾಗಕ್ಕೂ ಕಾನೂನಿದೆ. 250 ವೋಲ್ಟ್ ಮೀರಿದ ಸ್ವಿಚ್‌ಬೋರ್ಡಿನ ಮುಂದೆ ಕನಿಷ್ಠ 1 ಮೀಟರ್ ತೆರವಾಗಿರಬೇಕು ಎಂದಿತು 1956ರ ಭಾರತೀಯ ವಿದ್ಯುತ್ ನಿಯಮಾವಳಿ. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ತಂದ ಸುರಕ್ಷತಾ ನಿಯಮಗಳೂ ಅದನ್ನು ಉಳಿಸಿಕೊಂಡವು.

ಸ್ವಾರಸ್ಯ ಇರುವುದು ಹಿಂಬದಿಯ ನಿಯಮದಲ್ಲಿ. ಬೋರ್ಡಿನ ಬೆನ್ನಿಗೆ ತೆರೆದ ಜೋಡಣೆಗಳಿದ್ದರೆ ಅಲ್ಲಿನ ಜಾಗ 20 ಸೆಂ.ಮೀ.ಗಿಂತ ಕಡಿಮೆ ಇರಬೇಕು, ಇಲ್ಲವೇ 75 ಸೆಂ.ಮೀ.ಗಿಂತ ಹೆಚ್ಚಿರಬೇಕು. ಗೋಡೆಗೆ ಹತ್ತಿಸಿಟ್ಟರೆ ಸರಿ, ಅರ್ಧ ಮೀಟರ್ ಬಿಟ್ಟರೆ ತಪ್ಪು!

ಇದು ಮನುಷ್ಯನ ಮೈ ಅಳತೆಯ ಲೆಕ್ಕ. 20 ಸೆಂ.ಮೀ. ಸಂದಿಗೆ ಯಾರೂ ನುಗ್ಗಲಾರರು. 75 ದಾಟಿದರೆ ಕೂರಬಹುದು, ತಿರುಗಬಹುದು, ಓಡಬಹುದು. ನಡುವಿನ ಅಳತೆಯಲ್ಲಿ ಅಡ್ಡಡ್ಡ ನುಸುಳಿ ಒಳಹೋಗಬಹುದು, ಥಟ್ಟನೆ ಹೊರಬರಲಾಗದು. ಎದೆಯ ಮುಂದೆ ಕರೆಂಟಿರುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್, ಬೆನ್ನಿಗೆ ಗೋಡೆ. ಸುಮಾರು 10 ಮಿಲಿಆಂಪಿಯರ್ ಹರಿದರೂ ಸ್ನಾಯು ಬಿಗಿದು ಹಿಡಿದ ಕೈ ಬಿಡಿಸಿಕೊಳ್ಳಲಾಗದು. ತೇವದ ಗೋಡೆ ವಿದ್ಯುತ್ತಿಗೆ ನೆಲವಿದ್ದಂತೆಯೇ. ಆಗ ಅದು ಹರಿಯುವ ದಾರಿ ಎದೆಯ ಮೂಲಕ.

ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಗೋಡೆಯನ್ನು ನೇರವಾಗಿ ಲೆಕ್ಕಕ್ಕೆ ಹಿಡಿಯುತ್ತದೆ. ಭೂಮಿಗೆ ಹೋಲಿಸಿದರೆ 151ರಿಂದ 600 ವೋಲ್ಟ್ ಇರುವ ಬೋರ್ಡಿನ ಎದುರು ಕರೆಂಟಿನ ಭಾಗವಾಗಲಿ ಭೂಸಂಪರ್ಕವಾಗಲಿ ಇಲ್ಲದಿದ್ದರೆ 3 ಅಡಿ ಸಾಕು. ಕಾಂಕ್ರೀಟ್, ಇಟ್ಟಿಗೆ ಅಥವಾ ಟೈಲ್ಸ್ ಗೋಡೆಯಿದ್ದರೆ ಮೂರೂವರೆ. ಎರಡೂ ಕಡೆ ತೆರೆದ ಕರೆಂಟಿದ್ದರೆ 4.

ಮುಟ್ಟದಿದ್ದರೂ ಅಪಾಯವಿದೆ. ಕೈತಪ್ಪಿದ ಸ್ಪ್ಯಾನರ್ ಎರಡು ಬಸ್‌ಬಾರ್‌ಗಳ ನಡುವೆ ಬಿದ್ದರೆ ಗಾಳಿಯೇ ವಾಹಕವಾಗಿ ಆರ್ಕ್ ಹೊತ್ತಿಕೊಳ್ಳುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಆರ್ಕಿನ ಒಡಲು 20,000 ಡಿಗ್ರಿಯವರೆಗೂ ಏರಬಲ್ಲದು. ತಾಮ್ರ ಆವಿಯಾಗಿ ಹಿಗ್ಗಿ, ಕರಗಿದ ಹನಿಗಳನ್ನು ಸಿಡಿಸುತ್ತದೆ. ಹಿಂದಿಟ್ಟ ಒಂದೊಂದು ಹೆಜ್ಜೆಗೂ ಮೈಗೆ ತಾಗುವ ಕಾವು ಇಳಿಯುತ್ತದೆ. ಆ ಹೆಜ್ಜೆಯಿಡಲು ಜಾಗ ಬೇಕಲ್ಲ!

ಹಾಗಾಗಿಯೇ ನಮ್ಮ ನಿಯಮ 75 ಸೆಂ.ಮೀ. ಮೀರಿದ ಹಿಂಬದಿಗೆ 1.8 ಮೀಟರ್ ಎತ್ತರದವರೆಗೆ ಅಡ್ಡಿಯಿಲ್ಲದ ಓಡಾಟದ ದಾರಿ ಕೇಳುತ್ತದೆ. ಅಮೆರಿಕದ ಕೋಡಿನ ಪ್ರಕಾರ 1,200 ಆಂಪಿಯರ್ ಮುಟ್ಟಿದ, 6 ಅಡಿಗಿಂತ ಅಗಲದ ಬೋರ್ಡುಗಳಿಗೆ ಸಾಮಾನ್ಯವಾಗಿ ಎರಡೂ ತುದಿಯಲ್ಲಿ ದಾರಿ ಬೇಕು. ಒಂದೇ ದಾರಿಯಿದ್ದು, ಬೆಂಕಿ ಅದಕ್ಕೇ ಅಡ್ಡ ನಿಂತರೆ?

ಅಳೆಯುವವರಿಗೊಂದು ಮಾತು. ಈ 20 ಮತ್ತು 75ರ ಅಳತೆ ಶುರುವಾಗುವುದು ಬೋರ್ಡಿನ ಚೌಕಟ್ಟಿನಿಂದಲ್ಲ, ಹಿಂದಕ್ಕೆ ಅತಿ ಹೆಚ್ಚು ಚಾಚಿಕೊಂಡಿರುವ ಭಾಗದಿಂದ. ನಕ್ಷೆಯಲ್ಲಿ 80 ಸೆಂ.ಮೀ. ಇದ್ದು, 15 ಸೆಂ.ಮೀ. ಚಾಚಿದ ಟರ್ಮಿನಲ್ ಜೋಡಿಸಿದರೆ ಉಳಿಯುವುದು 65. ಕಾಗದದ ಮೇಲೆ ಸರಿಯಿದ್ದ ಕೋಣೆ ಕೆಲಸಗಾರನ ಪಾಲಿಗೆ ಆಗಲೇ ಬೋನು.